ಪಾಕವಿಲ್ಲದ ಸಿಹಿ

ಮೈಸೂರು ಪಾಕಿನಲ್ಲಿ ಸಕ್ಕರೆ ನಾಲ್ಕೈದು ಕೆಲಸ ಮಾಡುತ್ತದೆ. ಸಿಹಿ ಕೊಡುವುದು ಅವುಗಳಲ್ಲಿ ಒಂದು, ಅದೂ ಎಲ್ಲಕ್ಕಿಂತ ಸುಲಭದ್ದು. ಸಕ್ಕರೆ ಬಿಟ್ಟವರಿಗಾಗಿ ಸಿಹಿ ಮಾಡಲು ಹೊರಟವರು ಸಾಮಾನ್ಯವಾಗಿ ಈ ಒಂದು ಕೆಲಸಕ್ಕೆ ಮಾತ್ರ ಬದಲಿ ಹುಡುಕುತ್ತಾರೆ. ಉಳಿದ ಕೆಲಸಗಳಿಗೆ ಆಳಿಲ್ಲದೆ ಬಾಣಲೆಯಲ್ಲಿ ಕಡಲೆಹಿಟ್ಟಿನ ಮುದ್ದೆ ಉಳಿಯುತ್ತದೆ.

ಬಾಣಲೆಯೊಳಗೆ ಏನು ನಡೆಯುತ್ತದೆ ಎಂದು ನೋಡಿ. ಸಕ್ಕರೆ, ನೀರು ಕುದಿಯುತ್ತಾ ಹೋದಂತೆ ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ. ಅದರ ಕುದಿಯುವ ಬಿಂದುವೂ ಮೇಲೇರುತ್ತದೆ. ಸುಮಾರು 105ರಿಂದ 110 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಎರಡು ಬೆರಳ ನಡುವೆ ಎಳೆ ನಿಲ್ಲುತ್ತದೆ. ಸಕ್ಕರೆಯ ಅಣು ದೊಡ್ಡದು. ನೀರನ್ನು ಬಿಗಿಯಾಗಿ ಹಿಡಿದುಕೊಂಡು ದ್ರಾವಣಕ್ಕೆ ಅಂಟು ಕೊಡುತ್ತದೆ. ಎಳೆ ಬರುವುದು ಈ ಅಂಟಿನಿಂದ. ಆಗ ಕಡಲೆಹಿಟ್ಟು ಬೀಳುತ್ತದೆ, ಅದರ ಮೇಲೆ ಸೌಟು ಸೌಟಾಗಿ ಕಾದ ತುಪ್ಪ. ತುಪ್ಪದ ಬಿಸಿ ನೂರು ಡಿಗ್ರಿಗಿಂತ ಬಹಳ ಮೇಲಿರುವುದರಿಂದ ಪಾಕದಲ್ಲಿ ಉಳಿದ ನೀರು ಥಟ್ಟನೆ ಆವಿಯಾಗಿ ಹಿಟ್ಟನ್ನು ಉಬ್ಬಿಸುತ್ತದೆ. ಆವಿ ಹೊರಟ ದಾರಿಗಳೇ ಆ ಗೂಡುಗೂಡಾದ ತೂತುಗಳು. ತಟ್ಟೆಗೆ ಸುರಿದ ಮೇಲೆ ಸಕ್ಕರೆ ಮತ್ತೆ ಹರಳುಗಟ್ಟಿ ಆ ಗೂಡಿಗೆ ಗೋಡೆಯಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಸಕ್ಕರೆಯ ಒಂದು ಭಾಗ ಬಿಸಿಗೆ ಒಡೆದು ಹಿಟ್ಟಿನ ಪ್ರೋಟೀನಿನೊಂದಿಗೆ ಸೇರಿ ಹೊಂಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಟ್ಟಿರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪ ಇದನ್ನು ಮೊದಲು ಮಾಡಿದರೆಂಬುದು ಮೈಸೂರಿಗರೆಲ್ಲ ಕೇಳಿಕೊಂಡು ಬಂದ ಕಥೆ. ಅವರ ಕೈಯಲ್ಲಿ ಉಷ್ಣಮಾಪಕವಿರಲಿಲ್ಲ, ಬೆರಳುಗಳಿದ್ದವು. ಆ ಬೆರಳುಗಳ ಅಳತೆಯ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಪಾಲು ಕಡಲೆಹಿಟ್ಟು, ಎರಡು ಪಾಲು ಸಕ್ಕರೆ, ಎರಡೂವರೆ ಪಾಲು ತುಪ್ಪ ಎಂದು ತೂಗಿಕೊಂಡರೆ, 40 ಗ್ರಾಂ ತೂಕದ ಒಂದು ತುಂಡಿನಲ್ಲಿ ಸುಮಾರು 19 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. ಅತಿ ಕಡಿಮೆ ಕಾರ್ಬೊಹೈಡ್ರೇಟ್ ಪಥ್ಯದಲ್ಲಿರುವವರಿಗೆ ಇಡೀ ದಿನಕ್ಕೆ ಸಿಗುವುದು 20ರಿಂದ 50 ಗ್ರಾಂ. ಅಷ್ಟು ಕಡಿಮೆ ಸಿಕ್ಕಾಗ ದೇಹ ಕೊಬ್ಬನ್ನು ಒಡೆದು, ಯಕೃತ್ತಿನಲ್ಲಿ ಕೀಟೋನುಗಳೆಂಬ ಸಣ್ಣ ಅಣುಗಳನ್ನು ತಯಾರಿಸಿ, ಮಿದುಳಿಗೂ ಅವನ್ನೇ ಉಣಿಸುತ್ತದೆ. ಈ ಪಥ್ಯ ಹುಟ್ಟಿದ್ದು ತೂಕ ಇಳಿಸುವುದಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಅಪಸ್ಮಾರದ ರೋಗಿಗಳಿಗಾಗಿ ಇದನ್ನು ಸೂಚಿಸಿದರು. ಔಷಧಕ್ಕೆ ಬಗ್ಗದ ಅಪಸ್ಮಾರವಿರುವ ಮಕ್ಕಳಿಗೆ ಇಂದಿಗೂ ಕೊಡುತ್ತಾರೆ. ಹುಟ್ಟುಹಬ್ಬಕ್ಕೆ ಒಂದು ತುಂಡು ಸಿಹಿ ಬೇಕೆನ್ನುವ ಅಂಥ ಮಗುವಿನ ತಾಯಿಯನ್ನು ನೆನೆದರೆ, ಇದು ಬರೀ ನಾಲಗೆಯ ಚಪಲದ ವಿಷಯವಲ್ಲ ಎಂದು ತಿಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಪಥ್ಯಕ್ಕೆ ಇಳಿಯಬಾರದು. ಔಷಧದ ಪ್ರಮಾಣ ಹಳೆಯದೇ ಇದ್ದು ಊಟ ಮಾತ್ರ ಬದಲಾದರೆ ರಕ್ತದ ಗ್ಲೂಕೋಸ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುವವರಲ್ಲಿ ಗ್ಲೂಕೋಸ್ ಹೆಚ್ಚೇನೂ ಏರದೆಯೇ ರಕ್ತ ಆಮ್ಲೀಯವಾಗುವ ಅಪಾಯವಿದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಕನ್ನಂಬಾಡಿಯ ನೀರು ನಾಲೆಗಳಲ್ಲಿ ಹರಿದು ಮಂಡ್ಯ ಕಬ್ಬಿನ ಸೀಮೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆಲೆಮನೆಯ ಬಿಸಿ ಬೆಲ್ಲದ ವಾಸನೆ ಗೊತ್ತಿಲ್ಲದ ಮಂಡ್ಯದವರಿಲ್ಲ. ಆ ಪ್ರೀತಿಯಿಂದಲೇ ಒಂದು ನಂಬಿಕೆ ಬೆಳೆದಿದೆ. "ಬೆಲ್ಲ ಹಾಕಿದ್ದೇನೆ, ಸಕ್ಕರೆಯಲ್ಲ, ತಿನ್ನಿ ಭಾವ" ಎಂದು ಸಕ್ಕರೆ ಕಾಯಿಲೆಯವರ ತಟ್ಟೆಗೆ ಹೋಳಿಗೆ ಬಡಿಸುವ ಅಕ್ಕರೆಯನ್ನು ಯಾವ ಹಬ್ಬದ ಮನೆಯಲ್ಲಾದರೂ ನೋಡಬಹುದು. ಆದರೆ ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಅಥವಾ ಅದಕ್ಕೂ ಹೆಚ್ಚು ಕಾರ್ಬೊಹೈಡ್ರೇಟ್ ಇದೆ, ಬಹುಪಾಲು ಅದೇ ಸುಕ್ರೋಸ್, ಅಂದರೆ ಸಕ್ಕರೆಯೇ. ಒಂದಿಷ್ಟು ಕಬ್ಬಿಣ, ಪೊಟ್ಯಾಸಿಯಂ ಇರುವುದು ನಿಜ. ರಕ್ತಕ್ಕೆ ಸೇರುವ ಗ್ಲೂಕೋಸನ್ನು ಅವು ತಡೆಯುವುದಿಲ್ಲ. ಖರ್ಜೂರದ ಉಂಡೆಗೂ ಜೇನಿಗೂ ಇದೇ ಮಾತು. ರಾಗಿ ಒಳ್ಳೆಯ ಧಾನ್ಯ, ಆದರೆ ನೂರು ಗ್ರಾಂನಲ್ಲಿ 70 ಗ್ರಾಂ ಆಸುಪಾಸು ಕಾರ್ಬೊಹೈಡ್ರೇಟ್ ಇರುವ ಧಾನ್ಯ. ಈ ಪಥ್ಯದಲ್ಲಿ ಅದಕ್ಕೆ ಜಾಗವಿಲ್ಲ. ಕಡಲೆಹಿಟ್ಟಿಗೂ ಇಲ್ಲ: ಮೈಸೂರು ಪಾಕಿನಿಂದ ಸಕ್ಕರೆಯನ್ನು ಪೂರ್ತಿ ತೆಗೆದರೂ ಅದೇ 40 ಗ್ರಾಂ ತುಂಡಿನಲ್ಲಿ ಹಿಟ್ಟಿನದೇ ಆರೇಳು ಗ್ರಾಂ ಉಳಿಯುತ್ತದೆ.

ಸಿಹಿಗೆ ಬದಲಿಗಳು ಎರಡು ಕುಲದವು. ಮೊದಲನೆಯ ಕುಲದವು ಚಿಟಿಕೆಯಷ್ಟು ಸಾಕಾಗುವ ತೀಕ್ಷ್ಣ ಸಿಹಿಗಳು. 1879ರಲ್ಲಿ ಕಂಡುಹಿಡಿದ ಸ್ಯಾಕರಿನ್ ಇವುಗಳಲ್ಲಿ ಹಿರಿಯದು. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. 1976ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ಶಶಿಕಾಂತ ಫಡ್ನಿಸ್ ಎಂಬ ಭಾರತೀಯ ಸಂಶೋಧಕ, ಪರೀಕ್ಷಿಸು ಎಂದು ಹಿರಿಯರು ಹೇಳಿದ್ದನ್ನು ರುಚಿ ನೋಡು ಎಂದು ಕೇಳಿಸಿಕೊಂಡು ನಾಲಗೆಗೆ ಹಚ್ಚಿಕೊಂಡಾಗ ಅದರ ಸಿಹಿ ಗೊತ್ತಾಯಿತು. ಪರಾಗ್ವೆಯ ಗಿಡದ ಎಲೆಯಿಂದ ಬರುವ ಸ್ಟೀವಿಯಾದ ಸಾರ 200ರಿಂದ 300 ಪಟ್ಟು. ಆಸ್ಪರ್ಟೇಮ್ 200 ಪಟ್ಟು ಸಿಹಿಯಾದರೂ ಕುದಿಸಿದರೆ ಒಡೆದು ಸಪ್ಪೆಯಾಗುತ್ತದೆ, ಅಡುಗೆಗೆ ಬಾರದು.

ನೂರು ಗ್ರಾಂ ಸಕ್ಕರೆಯ ಸಿಹಿಗೆ ಶುದ್ಧ ಸುಕ್ರಲೋಸ್ ಒಂದು ಗ್ರಾಂನ ಆರನೆಯ ಒಂದು ಭಾಗ ಸಾಕು. ಹಾಗಾದರೆ ಅಂಗಡಿಯ ಪೊಟ್ಟಣದಲ್ಲಿ ಚಮಚ ಚಮಚ ತುಂಬಿಕೊಳ್ಳುವ ಬಿಳಿ ಪುಡಿ ಏನು? ಹೆಚ್ಚಿನವುಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್, ಡೆಕ್ಸ್‌ಟ್ರೋಸ್ ಅಥವಾ ಲ್ಯಾಕ್ಟೋಸ್. ಮೊದಲನೆಯದು ಪಿಷ್ಟವನ್ನು ಒಡೆದು ಮಾಡಿದ್ದು, ಎರಡನೆಯದು ಗ್ಲೂಕೋಸೇ, ಮೂರನೆಯದು ಹಾಲಿನ ಸಕ್ಕರೆ. ಚಹಾಕ್ಕೆ ಒಂದು ಚಿಟಿಕೆ ಹಾಕಿದರೆ ಚಿಂತೆಯಿಲ್ಲ. ಬಟ್ಟಲುಗಟ್ಟಲೆ ಸುರಿದು ಸಿಹಿ ಮಾಡಿದರೆ ಬಾಗಿಲಲ್ಲಿ ಕಳಿಸಿದ್ದು ಕಿಟಕಿಯಲ್ಲಿ ಬಂದಂತೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡಾದರೂ ಓದಿ. ಹನಿ ರೂಪದಲ್ಲಿ ಸಿಗುವ ದ್ರಾವಣಗಳಲ್ಲಿ ಈ ಗೋಜು ಕಡಿಮೆ.

ಎರಡನೆಯ ಕುಲ ಸಕ್ಕರೆ ಆಲ್ಕೊಹಾಲುಗಳದು. ಹೆಸರು ಕೇಳಿ ಹೆದರಬೇಕಿಲ್ಲ, ಅಮಲೇರಿಸುವಂಥದ್ದು ಅಲ್ಲ. ಇವು ಸಕ್ಕರೆಯಂತೆ ಹರಳಾಗಿ, ತೂಕವಾಗಿ ಇರುತ್ತವೆ. ಮಾಲ್ಟಿಟಾಲ್ ಅಂಗಡಿಯ ಎಷ್ಟೋ 'ಶುಗರ್ ಫ್ರೀ' ಸಿಹಿಗಳಲ್ಲಿದೆ. ಅದರಲ್ಲಿ ಸಕ್ಕರೆಯ ಅರ್ಧದಷ್ಟು ಶಕ್ತಿ ಇದ್ದೇ ಇದೆ, ಗ್ಲೂಕೋಸನ್ನೂ ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಎರಿಥ್ರಿಟಾಲ್ ಇವುಗಳಲ್ಲಿ ಬೇರೆಯದೇ. ಸಕ್ಕರೆಯ ಮೂರರಲ್ಲಿ ಎರಡು ಪಾಲಿನಷ್ಟು ಸಿಹಿ. ಸಣ್ಣ ಕರುಳಿನಲ್ಲೇ ಹೀರಿಕೊಂಡು, ದೇಹ ಬಳಸಿಕೊಳ್ಳದೆ, ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ.

ಹಾಗಾದರೆ ಎರಿಥ್ರಿಟಾಲ್ ಹಾಕಿ ಮೈಸೂರು ಪಾಕ್ ಮಾಡಬಹುದಲ್ಲ ಎಂದರೆ, ಆಗುವುದಿಲ್ಲ. ಅದರ ಅಣು ಸಕ್ಕರೆಯದಕ್ಕಿಂತ ಬಹಳ ಚಿಕ್ಕದು, ಆದ್ದರಿಂದ ಪಾಕಕ್ಕೆ ಅಂಟು ಬರುವುದಿಲ್ಲ, ಎಳೆ ನಿಲ್ಲುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಂಡರೆ, ಎರಿಥ್ರಿಟಾಲನ್ನು 60 ಗ್ರಾಂನಷ್ಟು ಮಾತ್ರ. ಆರಿದ ಕೂಡಲೇ ಅದು ಹರಳುಗಟ್ಟಿ ಹಲ್ಲಿಗೆ ಮರಳಿನಂತೆ ಸಿಕ್ಕುತ್ತದೆ. ಕಂದು ಬಣ್ಣ ಬರಿಸುವ ರಾಸಾಯನಿಕ ಕ್ರಿಯೆಗೆ ಬೇಕಾದ ಕೊಂಡಿ ಅದರ ಅಣುವಿನಲ್ಲಿಲ್ಲ. ಇನ್ನು ಬಾಯಲ್ಲಿ ಕರಗುವಾಗ ಸಕ್ಕರೆಗಿಂತ ಹತ್ತು ಪಟ್ಟು ಶಾಖವನ್ನು ಹೀರಿಕೊಳ್ಳುವುದರಿಂದ ಪುದೀನ ಪೆಪ್ಪರಮೆಂಟಿನ ತಂಪು. ತುಪ್ಪದಲ್ಲಿ ಮುಳುಗೆದ್ದ ಸಿಹಿಯಲ್ಲಿ ಆ ತಂಪು ತೀರ ಅಸಂಗತ.

ಇವುಗಳ ಆರೋಗ್ಯದ ಚರ್ಚೆ ಮುಗಿದಿಲ್ಲ ಎಂಬುದನ್ನೂ ಬಚ್ಚಿಡಬಾರದು. 2023ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ಸಂಶೋಧಕರು, ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬಂದವೆಂದು ವರದಿ ಮಾಡಿದರು. ದೇಹ ತಾನೇ ಒಂದಷ್ಟು ಎರಿಥ್ರಿಟಾಲನ್ನು ತಯಾರಿಸುವುದರಿಂದ, ಅದೇ ಕಾರಣವೆಂದು ಅಷ್ಟರಿಂದಲೇ ಹೇಳಲಾಗದು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ತೂಕ ನಿಯಂತ್ರಣಕ್ಕಾಗಿ ಕೃತಕ ಹಾಗೂ ಸಸ್ಯಮೂಲದ ತೀಕ್ಷ್ಣ ಸಿಹಿಗಳನ್ನು ನೆಚ್ಚಬೇಡಿ ಎಂದಿತು. ಆಗಲೇ ಸಕ್ಕರೆ ಕಾಯಿಲೆ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತು. ಹಬ್ಬಕ್ಕೆ ಸರಿ, ನಿತ್ಯದ ರೂಢಿಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಪಾಕದ ಮೇಲೆ ನಿಂತ ಸಿಹಿಗಳನ್ನು ಬಿಟ್ಟುಬಿಡುವುದೇ ಜಾಣತನ. ಮೈಸೂರು ಪಾಕ್, ಚಿಕ್ಕಿ, ಜಿಲೇಬಿಗಳ ನಕಲು ಮಾಡಲು ಹೋಗಿ ದುಬಾರಿ ಬಾದಾಮಿಪುಡಿ ದಂಡ ಮಾಡುವ ಬದಲು, ಸಕ್ಕರೆ ಬರೀ ಸಿಹಿಗಾಗಿ ಇರುವ ತಿನಿಸುಗಳನ್ನು ಹುಡುಕೋಣ. ನಮ್ಮ ಅಡುಗೆಯಲ್ಲಿ ಅವು ಬೇಕಾದಷ್ಟಿವೆ.

ಗಸಗಸೆ ಪಾಯಸವನ್ನೇ ತೆಗೆದುಕೊಳ್ಳಿ. ಅದರ ದಪ್ಪ ಬರುವುದು ಬೆಲ್ಲದಿಂದಲ್ಲ. ಅರೆದ ಗಸಗಸೆ, ತೆಂಗಿನಕಾಯಿಗಳ ಎಣ್ಣೆಯ ಹನಿಗಳು, ಪ್ರೋಟೀನು, ನಾರು ನೀರಿನಲ್ಲಿ ತೇಲುವುದರಿಂದ. ನೂರು ಗ್ರಾಂ ಗಸಗಸೆಯಲ್ಲಿ 28 ಗ್ರಾಂ ಕಾರ್ಬೊಹೈಡ್ರೇಟ್ ಇದ್ದರೂ ಅದರಲ್ಲಿ ಸುಮಾರು 20 ಗ್ರಾಂ ಜೀರ್ಣವಾಗದ ನಾರು. ಗಟ್ಟಿಗೆಂದು ಸೇರಿಸುವ ಅಕ್ಕಿಯನ್ನು ಬಿಟ್ಟು ನೆನೆಸಿದ ನಾಲ್ಕಾರು ಬಾದಾಮಿ ಹಾಕಿ. ಒಂದು ಲೋಟ ಹಸುವಿನ ಹಾಲಿನಲ್ಲಿ ಹತ್ತು ಗ್ರಾಂನಷ್ಟು ಲ್ಯಾಕ್ಟೋಸ್ ಇರುವುದರಿಂದ ಅದರ ಬದಲು ತೆಂಗಿನ ಹಾಲು. ಗಸಗಸೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯುವುದನ್ನು ಮಾತ್ರ ತಪ್ಪಿಸಬೇಡಿ. ಬೆಲ್ಲದಿಂದ ಬರುತ್ತಿದ್ದ ಪರಿಮಳದ ಕೊರತೆಯನ್ನು ಆ ಹುರಿತವೇ ತುಂಬಬೇಕು. ಒಲೆಯಿಂದ ಇಳಿಸಿದ ಮೇಲೆ ಸಿಹಿಯ ಹನಿ ಬೆರೆಸಿದರಾಯಿತು.

ಇನ್ನೊಂದು ಗಿಣ್ಣು, ಈ ಪಥ್ಯಕ್ಕೆಂದೇ ಹುಟ್ಟಿದಂತಿರುವ ತಿನಿಸು. ಕರು ಹಾಕಿದ ಹಸುವಿನಿಂದ ಮೊದಲ ಸಲ ಕರೆದ ಹಾಲಿನಲ್ಲಿ ಸುಮಾರು ಶೇ 14ರಷ್ಟು ಪ್ರೋಟೀನ್ ಇರುತ್ತದೆ, ಮಾಮೂಲಿ ಹಾಲಿನ ನಾಲ್ಕು ಪಟ್ಟು. ಲ್ಯಾಕ್ಟೋಸ್ ಮಾತ್ರ ಹೆಚ್ಚು ಕಡಿಮೆ ಅರ್ಧ. ಕರುವಿಗೆ ರೋಗನಿರೋಧಕ ಶಕ್ತಿ ಕೊಡುವ ಆ ಪ್ರೋಟೀನುಗಳು ಹಬೆಯ ಬಿಸಿಗೆ ಒಂದಕ್ಕೊಂದು ಹೆಣೆದುಕೊಂಡು ಹಾಲನ್ನು ಗಟ್ಟಿ ಮಾಡುತ್ತವೆ. ಸಕ್ಕರೆಯ ಹಂಗೇ ಇಲ್ಲ. ದಿನ ಕಳೆದಂತೆ ಪ್ರೋಟೀನ್ ಇಳಿಯುವುದರಿಂದ ಮೊದಲ ದಿನದ ಹಾಲೇ ಬೇಕು. ಕರು ಹೊಟ್ಟೆತುಂಬ ಕುಡಿದ ಮೇಲೆ ಉಳಿದದ್ದು ಮಾತ್ರ ನಮಗೆ. ಮಂಡ್ಯದ ಹಳ್ಳಿಗಳಲ್ಲಿ ಅಕ್ಕಪಕ್ಕದ ಮನೆಗಳಿಗೆ ಗಿಣ್ಣುಹಾಲು ಹಂಚುವ ರೂಢಿ ಇನ್ನೂ ಇದೆ. ಪೇಟೆಯಲ್ಲಿ ಗಿಣ್ಣು ಎಂದು ಮಾರುವುದು ಎಷ್ಟೋ ಸಲ ಹಾಲಿನಪುಡಿಯದಾಗಿರುತ್ತದೆ, ಕೇಳಿ ಕೊಳ್ಳಿ.

ಕೊಬ್ಬರಿಯಲ್ಲಿ ಇನ್ನೊಂದು ಉಪಾಯವಿದೆ. ಒಣಕೊಬ್ಬರಿಯನ್ನು ಎಣ್ಣೆ ಬಿಡುವವರೆಗೆ ನುಣ್ಣಗೆ ಅರೆದು, ಹಿಟ್ಟಿನಂತೆ ಪುಡಿ ಮಾಡಿದ ಎರಿಥ್ರಿಟಾಲ್, ಏಲಕ್ಕಿ ಬೆರೆಸಿ ತಟ್ಟೆಗೆ ಹರವಿ ಫ್ರಿಜ್ಜಿನಲ್ಲಿಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸಕ್ಕರೆಯ ಹರಳು ಮಾಡುತ್ತಿದ್ದ ಕಟ್ಟುವ ಕೆಲಸವನ್ನು ಈ ಕೊಬ್ಬು ವಹಿಸಿಕೊಳ್ಳುತ್ತದೆ. ನೀರೇ ಇಲ್ಲದ್ದರಿಂದ ಎರಿಥ್ರಿಟಾಲ್ ಕರಗಿ ಮತ್ತೆ ಹರಳುಗಟ್ಟುವ ಪ್ರಶ್ನೆಯಿಲ್ಲ, ಮರಳಿಲ್ಲ. ತಣ್ಣಗೆ ತಿನ್ನುವ ತಿನಿಸಾದ್ದರಿಂದ ಅದರ ತಂಪೂ ಹಿತವೆನಿಸುತ್ತದೆ.

ಹಾಲುಬಾಯಿಯ ಆಸೆಯಾದವರಿಗೆ ಅರ್ಧ ಲೀಟರ್ ತೆಂಗಿನ ಹಾಲಿಗೆ ಸುಮಾರು ಐದು ಗ್ರಾಂ ಚೈನಾ ಗ್ರಾಸ್ ಸಾಕು. ಕಡಲಪಾಚಿಯಿಂದ ಬರುವ ಈ ನಾರು 40 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಮತ್ತೆ ಕರಗಲು 85 ಡಿಗ್ರಿ ಬೇಕು. ರಾಗಿಯ ಜಿಗುಟು ಇದಕ್ಕೆ ಬಾರದು, ಚಾಕು ತಾಗಿದರೆ ತಟ್ಟನೆ ಸೀಳುತ್ತದೆ. ಬೇರೆಯದೇ ತಿನಿಸೆಂದುಕೊಂಡು ತಿಂದರೆ ಚೆನ್ನಾಗಿದೆ.

ಕೊನೆಗೆ ರುಚಿಯ ಹೊಂದಾಣಿಕೆ. ಸ್ಟೀವಿಯಾ ನಾಲಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕಗಳ ಜೊತೆಗೆ ಕಹಿಯನ್ನು ಗುರುತಿಸುವವನ್ನೂ ಕೆಣಕುತ್ತದೆ, ಅದರ ಸಿಹಿ ತಡವಾಗಿ ಬಂದು ಬಹಳ ಹೊತ್ತು ನಿಲ್ಲುತ್ತದೆ. ಎರಿಥ್ರಿಟಾಲಿನ ಸಿಹಿ ಬೇಗ ಬಂದು ಬೇಗ ಹೋಗುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಚಿಟಿಕೆ ಉಪ್ಪು ಕಹಿಯನ್ನು ತಗ್ಗಿಸುತ್ತದೆ. ನಾಲಗೆಯ ಸಿಹಿ ಸಂವೇದನೆ ತಣ್ಣಗಿದ್ದಾಗ ಮಂಕಾಗಿ ಬೆಚ್ಚಗಿದ್ದಾಗ ಚುರುಕಾಗುವುದರಿಂದ, ಅದೇ ಪಾಯಸವನ್ನು ಬೆಚ್ಚಗೆ ಬಡಿಸಿದರೆ ಕಡಿಮೆ ಸಿಹಿ ಹಾಕಿದರೂ ನಡೆಯುತ್ತದೆ. ಕುಲ್ಫಿಗೆ ಮಾತ್ರ ಈ ಅನುಕೂಲವಿಲ್ಲ. ಸಕ್ಕರೆ ಅಲ್ಲಿ ನೀರು ಪೂರ್ತಿ ಹೆಪ್ಪುಗಟ್ಟದಂತೆ ತಡೆಯುತ್ತಿತ್ತು. ಅದಿಲ್ಲದೆ ಕುಲ್ಫಿ ಕಲ್ಲಾಗುತ್ತದೆ. ಕೆನೆ ಹೆಚ್ಚಿಸಿ, ತಿನ್ನುವ ಹದಿನೈದು ನಿಮಿಷ ಮೊದಲೇ ಹೊರಗೆ ತೆಗೆದಿಡಬೇಕು.