ಸ್ಯಾನ್ ಆಂಡ್ರಿಯಾಸ್ ಫಾಲ್ಟ್: ಜರುಗಿದ್ದೆಷ್ಟು, ಬಾಕಿ ಎಷ್ಟು?

ಕ್ಯಾಲಿಫೋರ್ನಿಯಾದ ಕರಿಝೊ ಬಯಲಿನಲ್ಲಿ ವಾಲೇಸ್ ಕ್ರೀಕ್ ಅಂತ ಒಂದು ಹಳ್ಳವಿದೆ. ಬೆಟ್ಟದಿಂದ ನೆಟ್ಟಗೆ ಇಳಿದು ಬರುತ್ತದೆ. ಸ್ಯಾನ್ ಆಂಡ್ರಿಯಾಸ್ ಫಾಲ್ಟ್ (ಎರಡೂ ಕಡೆಯ ನೆಲ ಒಂದಕ್ಕೊಂದು ಉಜ್ಜಿಕೊಂಡು ಜರುಗುವ ಬಿರುಕು) ಸಿಕ್ಕ ಕೂಡಲೇ ಬಲಕ್ಕೆ ಹೊರಳಿ, ಅದರ ಗುಂಟ ಸುಮಾರು 130 ಮೀಟರ್ ಸಾಗುತ್ತದೆ. ಆಮೇಲೆ ಎಡಕ್ಕೆ ತಿರುಗಿ ಬಯಲಿಗೆ ಇಳಿಯುತ್ತದೆ. ಹಳ್ಳ ದಾರಿ ತಪ್ಪಿದ್ದಲ್ಲ, ಆಚೆ ದಡದ ನೆಲವೇ ಒಂದೊಂದು ಭೂಕಂಪಕ್ಕೂ ಬಲಕ್ಕೆ ಜರುಗಿದೆ. ಈ ಪಾತ್ರದ ವಯಸ್ಸು ಸುಮಾರು 3,700 ವರ್ಷ. ಭಾಗಿಸಿ ನೋಡಿ: ವರ್ಷಕ್ಕೆ ಸುಮಾರು 35 ಮಿ.ಮೀ.

ಹಾಗಂತ ನೆಲ ಪ್ರತಿವರ್ಷ ಅಷ್ಟಷ್ಟೇ ಜರುಗುವುದಿಲ್ಲ. ಮೇಲಿನ ಹತ್ತು ಹದಿನೈದು ಕಿ.ಮೀ. ಆಳದವರೆಗೆ ಫಾಲ್ಟಿನ ಎರಡೂ ಕಡೆಯ ಬಂಡೆ ಘರ್ಷಣೆಯಿಂದ ಕಚ್ಚಿಕೊಂಡಿದೆ. ದೂರದ ನೆಲ ಮಾತ್ರ ಸುಮ್ನೆ ಇರುವುದಿಲ್ಲ, ಸಾಗುತ್ತಲೇ ಇರುತ್ತದೆ. ಮಧ್ಯದ ಬಂಡೆ ಬಾಗುತ್ತಾ ಬಿಗಿಯಾಗುತ್ತದೆ. ಬಿಗಿತ ಘರ್ಷಣೆಯನ್ನು ಮೀರಿದಾಗ ಕಚ್ಚು ಬಿಟ್ಟು, ಬಂಡೆ ಒಮ್ಮೆಲೇ ನೆಟ್ಟಗಾಗುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ಹಿಂದಿನ, ಮುಂದಿನ ಭೂಮಾಪನ ಹೋಲಿಸಿ ಭೂವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್ 1910ರಲ್ಲಿ ವಿವರಿಸಿದ್ದು ಇದನ್ನೇ.

ಈಗ ಬಾಕಿ, ಅಂದರೆ ಇನ್ನೂ ಜರುಗದೆ ಕೂಡಿಕೊಂಡಿರುವುದು. ಕರಿಝೊದಲ್ಲಿ ಕೊನೆಯ ದೊಡ್ಡ ಜರುಗು 1857ರ ಜನವರಿ 9ರದ್ದು. 2020ಕ್ಕೆ 163 ವರ್ಷ. 35ರಿಂದ ಗುಣಿಸಿದರೆ 5.7 ಮೀಟರ್. ಇದು ಜಾಸ್ತಿಯೋ ಕಡಿಮೆಯೋ? ಹಿಂದಿನ ಸಲ ಎಷ್ಟು ಜರುಗಿತ್ತು ಅಂತ ಗೊತ್ತಿಲ್ಲದೆ ಹೇಳಲಾಗದು, ಅಲ್ವಾ? ಸಣ್ಣ ತೊರೆಗಳ ತಿರುವು ಅಳೆದು ಮೊದಲು 9 ಮೀಟರ್‌ವರೆಗೆ ಅಂದಿದ್ದರು. ಆ ಲೆಕ್ಕದಲ್ಲಿ ಇನ್ನೂ ಬೇಕಾದಷ್ಟು ಸಮಯವಿತ್ತು. ಆಮೇಲೆ ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರುತಗ್ಗು ಅಳೆದಾಗ, ಆ 9 ಮೀಟರ್‌ನಲ್ಲಿ ಎರಡು ಭೂಕಂಪಗಳ ಜರುಗು ಸೇರಿದೆ ಎಂಬ ಅಂದಾಜಿಗೆ ಬಂದರು. 1857ರ ಪಾಲು ಸುಮಾರು 5 ಮೀಟರ್ ಅಷ್ಟೇ. ಅಂದರೆ ಆಗ ಬಿಟ್ಟುಕೊಟ್ಟಷ್ಟು ಬಿಗಿತ ಮತ್ತೆ ತುಂಬಿಕೊಂಡಿದೆ! ನನಗೆ ಇದರಲ್ಲೆಲ್ಲ ಅತಿ ಮುಖ್ಯ ಅನಿಸಿದ್ದು ಇದೇ.

ಆದರೂ "ಇಂಥ ವರ್ಷ ಆಗುತ್ತೆ" ಅಂತ ಹೇಳಿಬಿಡಬೇಡಿ. ಫಾಲ್ಟ್ ಉದ್ದಕ್ಕೂ ಒಂದೇ ಥರ ಇಲ್ಲ. ಫಾಲ್ಟಿನ ಮೇಲೇ ಇರುವ ಪಾರ್ಕ್‌ಫೀಲ್ಡ್ ಊರಿನಿಂದ ವಾಯವ್ಯಕ್ಕೆ ಅದು ಸದ್ದಿಲ್ಲದೆ ನಿಧಾನವಾಗಿ ಜರುಗುತ್ತಲೇ ಇರುತ್ತದೆ, ಅಲ್ಲಿ ಬಾಕಿ ಕಡಿಮೆ. ಪಾರ್ಕ್‌ಫೀಲ್ಡ್‌ನಲ್ಲಂತೂ 1857ರಿಂದ 1966ರವರೆಗೆ ಸರಾಸರಿ 22 ವರ್ಷಕ್ಕೊಂದು ಭೂಕಂಪ ಆಗಿತ್ತು. ಮುಂದಿನದು 1993ರೊಳಗೆ ಅಂತ ಉಪಕರಣ ಇಟ್ಟು ಕಾದರು. ಬಂದದ್ದು 2004ರ ಸೆಪ್ಟೆಂಬರ್ 28ಕ್ಕೆ, 6.0 ತೀವ್ರತೆಯಲ್ಲಿ. ಅದೂ 1966ರಲ್ಲಿ ಬಿರಿದ ದಿಕ್ಕಿಗೆ ತದ್ವಿರುದ್ಧವಾಗಿ, ಆಗ್ನೇಯದ ತುದಿಯಿಂದ ಶುರುವಾಗಿ.