ಮೋಟರ್ ಹಾಕುವ ಮುಂಚೆ ಏಜೆಂಟ್ ಏನು ಓದುತ್ತದೆ?

ರಾಯಚೂರಿನ ನಮ್ಮ ಮನೆಯಲ್ಲಿ ನಳ ಬಂದ ದಿನಕ್ಕೆ ಒಂದು ಕ್ರಮ ಇದೆ. ಮೊದಲು ಸಂಪು ತುಂಬಬೇಕು. ಆಮೇಲೆ ಮೋಟರ್ ಹಾಕಿ ಮಾಳಿಗೆ ಮೇಲಿನ ಟ್ಯಾಂಕಿಗೆ ನೀರು ಏರಿಸಬೇಕು. "ಸಂಪಿನ್ಯಾಗ ನೀರು ನೋಡದ ಮೋಟ್ರು ಹಚ್ಚಬ್ಯಾಡೋ ತಮ್ಮಾ" ಅಂತ ಅವ್ವ ನಾನು ಚಿಕ್ಕವನಿದ್ದಾಗಿನಿಂದ ಹೇಳುತ್ತಿದ್ದಾಳೆ. ನೀರಿಲ್ಲದೆ ಓಡಿದರೆ ಪಂಪಿನ ಸೀಲಿಗೆ ತಂಪು ಸಿಗುವುದಿಲ್ಲ. ಅದು ಕಾದು ಹಾಳಾಗುತ್ತದೆ, ಮೋಟರ್ ಸುಟ್ಟುಹೋಗುವುದೂ ಉಂಟು. ಮನೆಯವರಿಗೆಲ್ಲ ಗೊತ್ತಿದ್ದ ಈ ಮಾತನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಹೋದ ವರ್ಷ ಮನೆಯ ಲೈಟು, ಫ್ಯಾನು, ಕೂಲರ್, ಮೋಟರ್ ಎಲ್ಲವನ್ನೂ ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಿದೆ. ಅದು ಮನೆಯ ಸಾಧನಗಳನ್ನು ಒಂದೇ ಕಡೆಯಿಂದ ನಡೆಸುವ, 2013ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ಮಾತಿನಲ್ಲಿ ಹೇಳಿದ್ದನ್ನು ಮಾಡಲಿ ಅಂತ ಅದರ ಜೊತೆಗೆ ಒಂದು ಎಐ ಏಜೆಂಟನ್ನೂ ಸೇರಿಸಿದೆ. ಬರೆಯುವ ಕೆಲಸ ಶುರುವಾಗಿದ್ದು ಆಗಲೇ.

ಏಜೆಂಟಿಗೆ ನಮ್ಮ ಮನೆ ಕಾಣುವುದಿಲ್ಲ. ಅದರ ಮುಂದೆ ಇರುವುದು ಟೂಲುಗಳ ಒಂದು ಪಟ್ಟಿ. ಟೂಲ್ ಅಂದರೆ ಏಜೆಂಟ್ ಮಾಡಿಸಬಹುದಾದ ಒಂದೊಂದು ಕೆಲಸ, ಮೋಟರ್ ಹಾಕುವುದು ಒಂದು, ಲೈಟು ಹಾಕುವುದು ಇನ್ನೊಂದು. ಪ್ರತಿ ಟೂಲಿಗೂ ಒಂದು ಹೆಸರು, ಅದು ಏನು ಮಾಡುತ್ತದೆ ಎಂಬ ನಾಲ್ಕು ಸಾಲಿನ ವಿವರಣೆ, ಅದಕ್ಕೆ ಯಾವ ಅಂಕಿ, ಯಾವ ಹೆಸರು ಕೊಡಬೇಕು ಎಂಬ ಮಾಹಿತಿ. ಆಂಥ್ರೋಪಿಕ್ ಕಂಪನಿ 2024ರ ನವೆಂಬರಿನಲ್ಲಿ ಹೊರತಂದ, ಎಐಯನ್ನು ಹೊರಗಿನ ಟೂಲುಗಳಿಗೆ ಜೋಡಿಸುವ ನಿಯಮಾವಳಿಯಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲಿ ಈ ಪಟ್ಟಿಯ ರೂಪ ಗೊತ್ತುಮಾಡಿದ್ದಾರೆ. ನಾವು ಏನಾದರೂ ಕೇಳಿದಾಗ ಮಾಡೆಲ್, ಅಂದರೆ ಏಜೆಂಟಿನೊಳಗೆ ಮಾತನ್ನು ಓದಿ ಉತ್ತರ ಬರೆಯುವ ಎಐ, ಪಟ್ಟಿಯನ್ನು ಓದಿ, ಯಾವ ಟೂಲ್ ಬೇಕು ಅಂತ ಬರೆದುಕೊಡುತ್ತದೆ. ಅದನ್ನು ನಡೆಸುವುದು ಇನ್ನೊಂದು ಪ್ರೋಗ್ರಾಂ. ಆದದ್ದು ಏನು ಅನ್ನುವುದು ಮತ್ತೆ ಅಕ್ಷರಗಳಲ್ಲೇ ಮಾಡೆಲಿಗೆ ವಾಪಸ್ ಬರುತ್ತದೆ. ಅವ್ವ ಸಂಪಿನೊಳಗೆ ಬಗ್ಗಿ ನೋಡಿ ತಿಳಿಯುವುದನ್ನು ಏಜೆಂಟ್ ಆ ನಾಲ್ಕು ಸಾಲಿನಲ್ಲಿ ಓದಿಯೇ ತಿಳಿಯಬೇಕು.

ಮೊದಲ ಸಲ ನಾನು ಮೋಟರ್ ಟೂಲಿಗೆ "ಮೋಟರ್ ಸ್ವಿಚ್ ಒತ್ತುತ್ತದೆ" ಅಂತ ಬರೆದಿದ್ದೆ. ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್. ಒಂದು ಬೆಳಿಗ್ಗೆ ವೈಫೈ ತಡವರಿಸಿತು. ಮೋಟರ್ ಆನ್ ಆಯಿತು, ಆದರೆ ಉತ್ತರ ವಾಪಸ್ ಬರಲಿಲ್ಲ. ಏಜೆಂಟ್ ಇನ್ನೊಂದು ಸಲ ಅದೇ ಟೂಲನ್ನು ಕರೆಯಿತು. ಮೋಟರ್ ಆಫ್ ಆಯಿತು. ಅವತ್ತು ಮಧ್ಯಾಹ್ನ ಟ್ಯಾಂಕ್ ಖಾಲಿ, ಅವ್ವ ಕೆಳಗಿನಿಂದ ಕೊಡ ಹೊತ್ತಳು. ಆ ದೃಶ್ಯ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ಹಳೆಯ ಪರಿಹಾರ ಇದೆ. ಎಷ್ಟು ಸಲ ಹೇಳಿದರೂ ಫಲ ಒಂದೇ ಆಗುವಂಥ ಆಜ್ಞೆ ಕೊಡಬೇಕು. "ಆನ್ ಮಾಡು" ಅಂತ ಹತ್ತು ಸಲ ಹೇಳಿದರೂ ಮೋಟರ್ ಆನ್ ಆಗಿಯೇ ಇರುತ್ತದೆ. "ಬದಲಿಸು" ಅಂದರೆ ಎರಡನೇ ಸಲಕ್ಕೇ ಕೆಲಸ ಕೆಡುತ್ತದೆ. ಹಾಗಾಗಿ ಆ ಟೂಲನ್ನು ತೆಗೆದು, ಆನ್‌ಗೆ ಒಂದು, ಆಫ್‌ಗೆ ಒಂದು ಮಾಡಿದೆ. ಉತ್ತರ ಬಾರದಿದ್ದರೆ ಮೊದಲು ಈಗಿನ ಸ್ಥಿತಿ ಕೇಳು, ಆಮೇಲೆ ಮುಂದಿನ ಕೆಲಸ, ಅಂತಲೂ ಬರೆದೆ.

ಕೂಲರಿನ ಕಥೆ ಬೇರೆ. ಕೃಷ್ಣಾ, ತುಂಗಭದ್ರಾ ಎರಡು ನದಿಗಳ ನಡುವಿನ ಜಿಲ್ಲೆಯಾದರೂ ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಒಣ ಗಾಳಿಗೆ ನೀರು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಶಾಖ ಹೀರುತ್ತದೆ, ಅದಕ್ಕೇ ಇಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸ್ಮಾರ್ಟ್ ಪ್ಲಗ್‌ಗೆ ಗೊತ್ತಿರುವುದು ಕರೆಂಟ್ ಕೊಡುವುದು, ನಿಲ್ಲಿಸುವುದು ಅಷ್ಟೇ. ಒಳಗೆ ನೀರು ಇದೆಯಾ ಅನ್ನುವುದು ಅದಕ್ಕೆ ತಿಳಿಯದು. "ಕೂಲರ್ ಆನ್ ಆಗಿದೆ" ಅಂತ ಉತ್ತರ ಬಂದರೆ ಏಜೆಂಟ್ ಕೋಣೆ ತಂಪಾಗುತ್ತಿದೆ ಅಂತಲೇ ನಂಬುತ್ತದೆ. ಅದಕ್ಕೆ ಬರೆದದ್ದು ಹೀಗೆ: "ಇದು ಕರೆಂಟ್ ಮಾತ್ರ ಕೊಡುತ್ತದೆ. ನೀರು ಇದೆಯೋ ಇಲ್ಲವೋ ಇದಕ್ಕೆ ಗೊತ್ತಿಲ್ಲ. ಮನೆಯವರನ್ನು ಕೇಳು." ಟೂಲಿಗೆ ಏನು ಗೊತ್ತಿಲ್ಲ ಅನ್ನುವ ಸಾಲೇ ವಿವರಣೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅನಿಸಿಕೆ. ಸಾಮಾನ್ಯವಾಗಿ ಬಿಟ್ಟುಹೋಗುವುದೂ ಅದೇ.

ಅಂಕಿಗಳೂ ಮೋಸ ಮಾಡುತ್ತವೆ. ಹೋಮ್ ಅಸಿಸ್ಟೆಂಟ್‌ನಲ್ಲಿ ಬೆಳಕಿನ ಪ್ರಮಾಣವನ್ನು 0ರಿಂದ 255ರವರೆಗೂ ಹೇಳಬಹುದು, ಶೇಕಡಾ ಲೆಕ್ಕದಲ್ಲೂ ಹೇಳಬಹುದು. ಅರ್ಧ ಬೆಳಕು ಬೇಕು ಅಂತ 50 ಕೊಟ್ಟು, ಅದು 255ರ ಲೆಕ್ಕಕ್ಕೆ ಹೋದರೆ ಸಿಗುವುದು ಸುಮಾರು ಶೇ. 20 ಮಾತ್ರ.

ಇನ್ನು ನಮ್ಮ ಮಾತು. "ಫ್ಯಾನ್ ಹಾಕು" ಅಂದರೆ ಫ್ಯಾನ್ ತಿರುಗಬೇಕು. "ಬಾಗಿಲು ಹಾಕು" ಅಂದರೆ ಬಾಗಿಲು ಮುಚ್ಚಬೇಕು. ಒಂದೇ ಪದ ಒಂದು ಕಡೆ ಶುರು ಮಾಡುತ್ತದೆ, ಇನ್ನೊಂದು ಕಡೆ ಬಂದ್ ಮಾಡುತ್ತದೆ ಅಲ್ವಾ? ಅವ್ವ ಲೈಟ್ "ಹಚ್ಚು" ಅನ್ನುತ್ತಾಳೆ, ಫೋನ್ "ಹಚ್ಚು" ಅನ್ನುತ್ತಾಳೆ. ಹಾಲ್‌ಗೆ ಅವಳ ಬಾಯಲ್ಲಿ ಪಡಸಾಲೆ ಅಂತಲೇ ಹೆಸರು. ಇದೆಲ್ಲವೂ ವಿವರಣೆಗೆ ಸೇರಿತು. ಒಂದು ಸಂಜೆ ಪೂರ್ತಿ ಅವಳ ಪಕ್ಕ ಕೂತು, ಅವಳು ಹೇಳುತ್ತಾ ಹೋದಂತೆ ಬರೆದುಕೊಂಡೆ.

ವಿವರಣೆ ಎಷ್ಟು ಚೆನ್ನಾಗಿದ್ದರೂ ಏಜೆಂಟ್ ಒಮ್ಮೊಮ್ಮೆ ತಪ್ಪಬಹುದು. ಆದ್ದರಿಂದ ಸಂಪಿಗೆ ಫ್ಲೋಟ್ ಸ್ವಿಚ್ ಹಾಕಿಸಿದ್ದೇನೆ. ನೀರು ಇಳಿದರೆ ಅದು ಯಾರ ಮಾತೂ ಕೇಳದೆ ಮೋಟರ್ ನಿಲ್ಲಿಸುತ್ತದೆ. ತಲಬಾಗಿಲ ಬೀಗದ ಟೂಲನ್ನು ಮಾತ್ರ ಇನ್ನೂ ಪಟ್ಟಿಗೆ ಸೇರಿಸಿಲ್ಲ. ಅದರ ಕೀಲಿ ಅವ್ವನ ಸೆರಗಿನ ಗಂಟಿನಲ್ಲೇ ಇದೆ.