ಶನಿವಾರ ಹೋಗಿ ಸೋಮವಾರ ಹೊರಟರೆ ಫ್ಲಾರೆನ್ಸ್‌ನಲ್ಲಿ ಏನು ನೋಡಬಹುದು, ಏನು ತಿನ್ನಬಹುದು?

ಓದುಗರ ಪ್ರಶ್ನೆ: ರೋಮ್‌ನಿಂದ ಶನಿವಾರ ಮಧ್ಯಾಹ್ನ ಫ್ಲಾರೆನ್ಸ್ ತಲುಪುತ್ತೇವೆ, ಸೋಮವಾರ ಸಂಜೆ ಹೊರಡಬೇಕು. ನಾಲ್ಕು ಜನ, ಅದರಲ್ಲಿ ಇಬ್ಬರು ಶುದ್ಧ ಸಸ್ಯಾಹಾರಿಗಳು. ಒಳ್ಳೆಯ ಚಿತ್ರಗಳನ್ನೂ ನೋಡಬೇಕು, ಆ ಊರಿನ ಊಟವನ್ನೂ ಮಾಡಬೇಕು. ಯಾವುದನ್ನು ಮೊದಲೇ ಬುಕ್ ಮಾಡಬೇಕು, ಯಾವುದನ್ನು ಬಿಡಬೇಕು?

ನಿಮ್ಮ ಪ್ಲಾನ್‌ನಲ್ಲಿ ಎಡವಟ್ಟಾಗುವುದು ಸೋಮವಾರ. ಉಫಿತ್ಸಿ ಗ್ಯಾಲರಿ, ಮೈಕೆಲೇಂಜೆಲೊ ಕೆತ್ತಿದ ಡೇವಿಡ್ ಪ್ರತಿಮೆ ಇರುವ ಅಕಾಡೆಮಿಯಾ, ಪಿಟ್ಟಿ ಅರಮನೆ, ಈ ಮೂರಕ್ಕೂ ಸೋಮವಾರ ರಜೆ. ಕೊನೆಯ ದಿನ ಆರಾಮಾಗಿ ಮ್ಯೂಸಿಯಂ ನೋಡೋಣ ಎಂದು ಬಂದವರು ಚೌಕದಲ್ಲಿರುವ ನಕಲು ಡೇವಿಡ್ ಜೊತೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಅದೇ ಸೋಮವಾರ ಕೆಥೆಡ್ರಲ್‌ನ ಗುಮ್ಮಟ, ಸಾಂತಾ ಕ್ರೋಚೆ ಚರ್ಚು, ಸಾಂತ್ ಅಂಬ್ರೋಜೊ ಮಾರ್ಕೆಟ್ಟು ಎಲ್ಲ ತೆರೆದಿರುತ್ತವೆ. ಹಾಗಾಗಿ ಶನಿವಾರ ಸಂಜೆಗೆ ಡೇವಿಡ್, ಭಾನುವಾರ ಬೆಳಿಗ್ಗೆಗೆ ಉಫಿತ್ಸಿ, ಸೋಮವಾರ ಬೆಳಿಗ್ಗೆಗೆ ಗುಮ್ಮಟ. ಈ ಮೂರು ಟಿಕೆಟ್ ಕೈಗೆ ಬಂದರೆ ಉಳಿದದ್ದೆಲ್ಲ ಅದರ ಸುತ್ತ ತಾನಾಗಿ ಕೂರುತ್ತದೆ. ಅರ್ಧ ದಿನಕ್ಕೆ ಒಂದು ದೊಡ್ಡ ಜಾಗ ಸಾಕು. ಎರಡು ಹಾಕಿಕೊಂಡರೆ ಎರಡನೆಯದರಲ್ಲಿ ಚಿತ್ರಕ್ಕಿಂತ ಹೆಚ್ಚಾಗಿ ಕೂರಲು ಬೆಂಚು ಹುಡುಕುತ್ತೀರಿ.

ಬುಕಿಂಗ್ ಗುಮ್ಮಟದಿಂದ ಶುರುವಾಗಲಿ, ಏಕೆಂದರೆ ಮೊದಲು ಖಾಲಿಯಾಗುವುದು ಅದು. ಬ್ರುನೆಲ್ಲೆಸ್ಕಿ ಪಾಸ್ ಎಂಬ 30 ಯೂರೋ ಟಿಕೆಟ್ಟಿನಲ್ಲಿ ಗುಮ್ಮಟ, ಜೊಟ್ಟೊನ ಗಂಟೆ ಗೋಪುರ, ದೀಕ್ಷಾಸ್ನಾನದ ಕಟ್ಟಡವಾದ ಬ್ಯಾಪ್ಟಿಸ್ಟರಿ, ಕೆಥೆಡ್ರಲ್ ಮ್ಯೂಸಿಯಂ ನಾಲ್ಕೂ ಸೇರುತ್ತವೆ. ಪಾಸ್ ಮೂರು ದಿನ ನಡೆಯುತ್ತದೆ ನಿಜ, ಆದರೆ ಗುಮ್ಮಟ ಹತ್ತುವ ದಿನ, ಗಂಟೆಯನ್ನು ಕೊಳ್ಳುವಾಗಲೇ ಆರಿಸಬೇಕು, ಆಮೇಲೆ ಬದಲಿಸಲು ಆಗುವುದಿಲ್ಲ. ಉಫಿತ್ಸಿಗೆ ಸೀಸನ್‌ನಲ್ಲಿ 25 ಯೂರೋ, ಬುಕಿಂಗ್ ಶುಲ್ಕ ಮೇಲೆ 4. ಹುಡುಕಿದಾಗ ಮೇಲೆ ಬರುವ ಸೈಟುಗಳಲ್ಲಿ ಅರ್ಧಕ್ಕರ್ಧ ಮಧ್ಯವರ್ತಿಗಳವು, ಇದೇ ಟಿಕೆಟ್ಟಿಗೆ ಎಷ್ಟೋ ಹೆಚ್ಚು ಕೀಳುತ್ತವೆ. ಮ್ಯೂಸಿಯಂನ ಸ್ವಂತ ಸೈಟಿಗೇ ಹೋಗಿ. ಇನ್ನೊಂದು ಗಮನಿಸಿ: ನಿಮ್ಮ ಭಾನುವಾರ ತಿಂಗಳ ಮೊದಲನೆಯದಾಗಿದ್ದರೆ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಕೇಳಲು ಚೆಂದ, ಆದರೆ ಕ್ಯೂ ರಸ್ತೆಗೆ ಬರುತ್ತದೆ. ಅಂಥ ವಾರ ಉಫಿತ್ಸಿಯನ್ನೂ ಶನಿವಾರಕ್ಕೇ ತಳ್ಳಿ, ಬೆಳಗಿನ ರೈಲು ಹಿಡಿಯಿರಿ. ವೇಗದ ರೈಲಿನಲ್ಲಿ ರೋಮ್‌ನಿಂದ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣಕ್ಕೆ ಸುಮಾರು ಒಂದೂವರೆ ಗಂಟೆ. ಕಾರು ಮಾತ್ರ ಬೇಡ. ಹಳೇ ಊರಿನೊಳಗೆ ಪರವಾನಗಿ ಇಲ್ಲದ ವಾಹನ ಹೊಕ್ಕರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ಮೇಲೆ ಮನೆಗೇ ಬರುತ್ತದೆ.

ಬಿಡಬೇಕಾದದ್ದು ಪೀಸಾ. ವಾಲುಗೋಪುರಕ್ಕೆ ರೈಲಿನಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಎರಡು ದಿನದಲ್ಲಿ ಅರ್ಧ ದಿನವನ್ನು ಒಂದು ಫೋಟೊಗಾಗಿ ಕೊಡುವುದು ದುಬಾರಿ.

ಶನಿವಾರ ಸಂಜೆ: ಡೇವಿಡ್

ಅಕಾಡೆಮಿಯಾಕ್ಕೆ ಸಂಜೆ ನಾಲ್ಕೂವರೆಯ ಸುಮಾರಿನ ಟಿಕೆಟ್ ತೆಗೆದುಕೊಳ್ಳಿ. ಅಷ್ಟರಲ್ಲಿ ಗೈಡ್ ಹಿಡಿದ ದೊಡ್ಡ ಗುಂಪುಗಳು ಕರಗಿರುತ್ತವೆ. ಅಲ್ಲಿ ಸಾಮಾನು ಇಡುವ ಕೋಣೆ ಇಲ್ಲ, ದೊಡ್ಡ ಬ್ಯಾಗಿದ್ದರೆ ಒಳಗೆ ಬಿಡುವುದಿಲ್ಲ. ಸೂಟ್‌ಕೇಸನ್ನು ಹೋಟೆಲಿನಲ್ಲೋ ನಿಲ್ದಾಣದ ಲಗೇಜ್ ಕೌಂಟರಿನಲ್ಲೋ ಇಟ್ಟು ಹೋಗಿ.

ಒಳಗೆ ಎಲ್ಲರೂ ನೇರ ಡೇವಿಡ್ ಕಡೆಗೆ ಓಡುತ್ತಾರೆ. ನೀವು ದಾರಿಯಲ್ಲಿ ನಿಲ್ಲಿ. ಎರಡೂ ಬದಿಗೆ ಇರುವುದು ಮೈಕೆಲೇಂಜೆಲೊ ಪೋಪ್ ಎರಡನೇ ಜೂಲಿಯಸ್‌ನ ಸಮಾಧಿಗೆಂದು ಶುರು ಮಾಡಿ ಮುಗಿಸದೆ ಬಿಟ್ಟ 'ಸೆರೆಯಾಳುಗಳು' ಎಂಬ ಶಿಲ್ಪಗಳು. ಹತ್ತಿರ ಹೋಗಿ ಕಲ್ಲಿನ ಮೈ ನೋಡಿ. ಒಂದು ಕಡೆ ಒರಟು ಏಟುಗಳು, ಅದರ ಪಕ್ಕದಲ್ಲೇ ಹಲ್ಲುಳಿ ಎಳೆದ ಸಾಲು ಸಾಲು ಗೆರೆ, ಎದೆಯ ಭಾಗಕ್ಕೆ ಬಂದರೆ ನುಣುಪು. ಕೆಲಸದ ಹಂತಗಳೆಲ್ಲ ಒಂದೇ ಕಲ್ಲಿನಲ್ಲಿ ಹಾಗೇ ಉಳಿದಿವೆ. ಇದನ್ನು ನೋಡಿದ ಮೇಲೆ ಡೇವಿಡ್ ಮುಂದೆ ನಿಂತರೆ ಅದರ ನುಣುಪು ಎಲ್ಲಿಂದ ಬಂತೆಂದು ಅರ್ಥವಾಗುತ್ತದೆ. ಎತ್ತರ 5.17 ಮೀಟರ್, ಕೆತ್ತಿದ್ದು 1501ರಿಂದ 1504ರವರೆಗೆ. ಬೇರೆ ಶಿಲ್ಪಿ ಶುರುಮಾಡಿ ಕೈಬಿಟ್ಟ ಮೇಲೆ ದಶಕಗಳ ಕಾಲ ಬಿಸಿಲು ಮಳೆಯಲ್ಲಿ ಬಿದ್ದಿದ್ದ ಕಲ್ಲು ಅದು, ಉದ್ದವಿತ್ತೇ ಹೊರತು ದಪ್ಪವಿರಲಿಲ್ಲ. ಮುಂದಿನಿಂದ ಪೈಲ್ವಾನನಂತೆ ಕಾಣುವ ಆಳು ಪಕ್ಕದಿಂದ ಎಷ್ಟು ತೆಳ್ಳಗಿದ್ದಾನೆ ನೋಡಿ. ಕವಣೆಯ ಪಟ್ಟಿ ಬೆನ್ನ ಮೇಲೆ ಇಳಿದಿರುವುದು ಕಾಣಬೇಕಾದರೆ ಹಿಂದಕ್ಕೂ ಹೋಗಬೇಕು.

ಭಾನುವಾರ: ಉಫಿತ್ಸಿ

ಬಾಗಿಲು ತೆರೆಯುವ 8:15ರ ಟಿಕೆಟ್ಟೇ ಬೇಕು. ಬುಕ್ ಮಾಡಿದವರು ಒಂದನೇ ಬಾಗಿಲಿನಿಂದ ಹೋಗುತ್ತಾರೆ, ಎರಡನೆಯದು ಸ್ಥಳದಲ್ಲೇ ಟಿಕೆಟ್ ಕೊಳ್ಳುವವರ ಕ್ಯೂ. ನಿಮಗೆ ಬಂದಿರುವುದು ಬರೀ ವೋಚರ್ ಆಗಿದ್ದರೆ ಮೊದಲು ಮೂರನೇ ಬಾಗಿಲಿನಲ್ಲಿ ಟಿಕೆಟ್ ಪಡೆಯಬೇಕು. ಅದು ಅಂಗಳದ ಆಚೆ ಬದಿಯಲ್ಲಿದೆ. ಇದು ಗೊತ್ತಿಲ್ಲದೆ ಕ್ಯೂ ನಿಂತು ಮತ್ತೆ ವಾಪಸಾಗುವವರು ದಿನಾ ಇರುತ್ತಾರೆ.

ನೋಡುವುದು ಮೇಲಿನ ಮಹಡಿಯಿಂದ ಶುರು. ಮೆಟ್ಟಿಲು ಬಹಳ, ಮಂಡಿ ನೋವಿದ್ದರೆ ಲಿಫ್ಟ್ ಕೇಳಿ. ಮೇಲೆ ಹೋದವರೇ ಬೇರೆಲ್ಲೂ ನಿಲ್ಲದೆ ಬೊಟಿಚೆಲ್ಲಿ ಕೋಣೆಗೆ ನಡೆಯಿರಿ. ಒಂಬತ್ತೂವರೆಯ ಹೊತ್ತಿಗೆ ಅಲ್ಲಿ ಚಿತ್ರಕ್ಕಿಂತ ಎತ್ತಿಹಿಡಿದ ಫೋನುಗಳೇ ಹೆಚ್ಚು ಕಾಣುತ್ತವೆ. 'ವಸಂತ' ಮರದ ಹಲಗೆಯ ಮೇಲಿದೆ, 'ವೀನಸ್‌ನ ಜನನ' ಬಟ್ಟೆಯ ಮೇಲೆ. 'ವಸಂತ'ದಲ್ಲಿ ಮುಖಗಳನ್ನು ನೋಡಿದ ಮೇಲೆ ಕಾಲಡಿಯ ಹುಲ್ಲನ್ನೂ ನೋಡಿ. ಸಸ್ಯತಜ್ಞರು ಗುರುತು ಹಿಡಿದಿರುವ ಗಿಡಗಳೇ ನೂರಕ್ಕೂ ಹೆಚ್ಚು ಜಾತಿಯವು.

ಅಲ್ಲಿಂದ ಹಿಂದಕ್ಕೆ ಬಂದು ಚಿಮಾಬುವೆ, ದೂಚ್ಚೊ, ಜೊಟ್ಟೊ ಮೂವರೂ ಬರೆದ, ಯೇಸುವಿನ ತಾಯಿ ಮರಿಯಾಳ ದೊಡ್ಡ ಚಿತ್ರಗಳು ಒಟ್ಟಿಗಿರುವ ಕೋಣೆಗೆ ಹೋಗಿ. ವಿಷಯ ಒಂದೇ, ಬಂಗಾರದ ಹಿನ್ನೆಲೆಯೂ ಒಂದೇ. ಮರಿಯಾಳ ಮಂಡಿ ಮಾತ್ರ ಗಮನಿಸಿ. ಮೊದಲಿಬ್ಬರಲ್ಲಿ ಕಣ್ಣು ನಿಲ್ಲುವುದು ಬಟ್ಟೆಯ ನೆರಿಗೆಯ ಗೆರೆಗಳ ಮೇಲೆ. ಸುಮಾರು 1310ರ ಜೊಟ್ಟೊನಲ್ಲಿ ಬಟ್ಟೆಯ ಕೆಳಗೆ ನಿಜವಾದ ಮಂಡಿ ಇದೆ, ಕೂತ ಹೆಂಗಸಿನ ಭಾರ ಕುರ್ಚಿಯ ಮೇಲೆ ಬಿದ್ದಿದೆ. ಮುಂದಿನ ಇನ್ನೂರು ವರ್ಷದ ಚಿತ್ರಕಲೆ ಹಿಡಿದ ದಾರಿ ಈ ಮಂಡಿಯಿಂದ ಹೊರಟದ್ದು ಎಂದರೆ ತಪ್ಪಾಗದು.

ಲಿಯೊನಾರ್ಡೊನ 'ಶುಭವಾರ್ತೆ' ಎದುರು ನೇರ ನಿಂತರೆ ಮರಿಯಾಳ ಬಲಗೈ ಅಳತೆ ಮೀರಿ ಉದ್ದವಾಗಿ ಕಾಣುತ್ತದೆ. ನಿಧಾನವಾಗಿ ಚಿತ್ರದ ಬಲಕ್ಕೆ ಸರಿಯಿರಿ, ಕೈ ಸರಿಹೋಗುತ್ತದೆ. ಬಲಬದಿಯಿಂದ ನೋಡುವ ಜಾಗಕ್ಕೆಂದೇ ಬರೆದಿರಬೇಕು ಎಂಬ ವಾದವಿದೆ. ಮೈಕೆಲೇಂಜೆಲೊನ ದುಂಡು ಚಿತ್ರ, ಕೆಳಮಹಡಿಯಲ್ಲಿ ಉಬ್ಬಿದ ಗುರಾಣಿಯ ಮೇಲೆ ಕರವಾಜ್ಜೊ ಬರೆದ ಮೆಡೂಸಾ, ಆರ್ತೆಮಿಸಿಯಾ ಜೆಂತಿಲೆಸ್ಕಿಯ ಜುಡಿತ್, ಇವಿಷ್ಟಾದರೆ ಮೂರು ಗಂಟೆ ಕಳೆದಿರುತ್ತದೆ. ಕೆಳಗಿಳಿದ ಮೇಲೆ ಮತ್ತೆ ಮೇಲೆ ಹೋಗುವುದು ತ್ರಾಸ, ಮೇಲಿನದನ್ನು ಪೂರ್ತಿ ಮುಗಿಸಿಯೇ ಇಳಿಯಿರಿ.

ಊಟದ ನಂತರ ಆರ್ನೋ ನದಿ ದಾಟಿ ಬ್ರಂಕಾಚ್ಚಿ ಚಾಪೆಲ್. ಭಾನುವಾರ ಇದು ಮಧ್ಯಾಹ್ನ ಮಾತ್ರ ತೆರೆದಿರುತ್ತದೆ, ಟಿಕೆಟ್ ಮೊದಲೇ ಮಾಡಿಸಿರಬೇಕು, ಒಳಗೆ ಇರಲು ಕೊಡುವ ಹೊತ್ತೂ ಸ್ವಲ್ಪವೇ. ಆ ಸ್ವಲ್ಪವನ್ನು ಎಡಗಡೆಯ ತುದಿಯಲ್ಲಿರುವ, ಸ್ವರ್ಗದಿಂದ ಹೊರಹಾಕಿದ ಆದಾಮ ಮತ್ತು ಹವ್ವರಿಗೆ ಕೊಡಿ. 1420ರ ದಶಕದಲ್ಲಿ ಮಸಾಚ್ಚೊ ಹಸಿಗಾರೆಯ ಮೇಲೆ ಬರೆದದ್ದು. ಹವ್ವ ಬಾಯಿ ಬಿಟ್ಟು ಗೋಳಿಡುವುದು ಕಿವಿಗೆ ಕೇಳಿಸುವಂತಿದೆ. ನಂತರದವರು ನಾಚಿಕೆಪಟ್ಟು ಬರೆಸಿದ್ದ ಎಲೆಗಳನ್ನು 1980ರ ದಶಕದ ದುರಸ್ತಿಯಲ್ಲಿ ತೆಗೆದುಹಾಕಿದರು.

ಊಟ: ಮಾಂಸಕ್ಕಿಂತ ಸಾರು ನೋಡಿ ಹುಷಾರಾಗಿ

ಟಸ್ಕನಿಯ ಹಳ್ಳಿ ಅಡುಗೆ ಬಡವರದು. ಹಳೇ ಬ್ರೆಡ್ಡು, ಬಿಳಿ ಹುರುಳಿಕಾಯಿ ಬೀಜ, ಕರಿಸೊಪ್ಪು, ಆಲಿವ್ ಎಣ್ಣೆ. ಸಸ್ಯಾಹಾರಿಗಳಿಗೆ ಇದು ಅನುಕೂಲದ ಊರು. ತೊಂದರೆ ಕೊಡುವುದು ಕಣ್ಣಿಗೆ ಕಾಣುವ ಮಾಂಸವಲ್ಲ, ಕಾಣದ ಮೂರು: ಮಾಂಸ ಬೇಯಿಸಿದ ಸಾರು, ಹಂದಿಯ ಕೊಬ್ಬು, ಚೀಸಿನೊಳಗಿನ ಹೆಪ್ಪು.

ರಿಬೊಲ್ಲಿತಾ ಎಂದರೆ ಮತ್ತೆ ಕುದಿಸಿದ್ದು. ಸೊಪ್ಪು, ಬೀಜ, ಬ್ರೆಡ್ಡು ಹಾಕಿದ ನಿನ್ನೆಯ ಗಟ್ಟಿ ಸೂಪನ್ನು ಇವತ್ತು ಕುದಿಸುತ್ತಾರೆ. ನಮ್ಮ ಹುಳಿಯಂತೆ ಮರುದಿನವೇ ರುಚಿ ಹೆಚ್ಚು. ಚಳಿಗಾಲದ ತಿನಿಸು ಅದು, ಜುಲೈಯಲ್ಲೂ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರೆ ಆ ಹೋಟೆಲು ಪ್ರವಾಸಿಗಳಿಗಾಗಿ ಇದೆ ಎಂದು ತಿಳಿಯಿರಿ. ಕೆಲವು ಕಡೆ ಇದಕ್ಕೆ ಹಂದಿಯ ತುಂಡೋ ಮಾಂಸದ ಸಾರೋ ಬೀಳುತ್ತದೆ, ಕೇಳಲೇಬೇಕು: 'ಚೆ ಬ್ರೋದೊ ದಿ ಕಾರ್ನೆ?' ಟೊಮೆಟೊ ಮತ್ತು ಬ್ರೆಡ್ಡಿನ ಪಾಪ್ಪಾ ಅಲ್ ಪೊಮೊದೊರೊಗೂ ಇದೇ ಪ್ರಶ್ನೆ. ಬೇಸಿಗೆಯಲ್ಲಿ ನೆನೆಸಿದ ಬ್ರೆಡ್ಡು, ಟೊಮೆಟೊ, ಈರುಳ್ಳಿ, ತುಳಸಿಜಾತಿಯ ಬೇಸಿಲ್ ಕಲಸಿದ ತಣ್ಣನೆಯ ಪಂಜನೆಲ್ಲಾ ಸಿಗುತ್ತದೆ. ಫಜೋಲಿ ಅಲ್ಲುಚೆಲ್ಲೆತ್ತೊ ಹೆಸರಿನಲ್ಲಿ ಹಕ್ಕಿ ಇದೆ, ತಟ್ಟೆಯಲ್ಲಿ ಇಲ್ಲ. ಅದು ಟೊಮೆಟೊ, ಸೇಜ್ ಸೊಪ್ಪಿನಲ್ಲಿ ಬೇಯಿಸಿದ ಬೀಜ. ಸಾಸೇಜ್ ಸೇರಿಸಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಳ್ಳಿ. ಆಲೂಗಡ್ಡೆ ತುಂಬಿದ ತೊರ್ತೆಲ್ಲಿ ಪಾಸ್ತಾ ಸಾಮಾನ್ಯವಾಗಿ ಮಾಂಸದ ರಾಗೂ ಜೊತೆ ಬರುತ್ತದೆ, 'ಬುರ್ರೊ ಎ ಸಾಲ್ವಿಯಾ' ಎಂದರೆ ಬೆಣ್ಣೆ, ಸೇಜ್ ಹಾಕಿ ಕೊಡುತ್ತಾರೆ. ಹಸಿ ಪಾಸ್ತಾದ ಹಿಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಮೊಟ್ಟೆ ತಿನ್ನದವರು ಒಣ ಪಾಸ್ತಾ ಕೇಳಬೇಕು.

ಪಾರ್ಮಿಜಾನೊ ಚೀಸಿನ ವಿಷಯ ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಅದಕ್ಕೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ, ಅದರ ಉತ್ಪಾದನೆಯ ನಿಯಮವೇ ಹಾಗಿದೆ. ಇದು ಬೇಡವಾದವರು ಆರ್ಡರ್ ಕೊಡುವಾಗಲೇ 'ಸೆಂತ್ಸಾ ಫೊರ್ಮಾಜ್ಜೊ' ಎನ್ನಬೇಕು. ಬಂದ ಮೇಲೆ ಮೇಲಿನದನ್ನು ಸರಿಸಿ ತಿನ್ನಲಾಗದು, ಒಳಗೂ ಕಲಸಿರುತ್ತಾರೆ.

ಬ್ರೆಡ್ಡಿಗೆ ಉಪ್ಪಿಲ್ಲ ಎಂದು ದೂರಬೇಡಿ, ಇಲ್ಲಿನ ಬ್ರೆಡ್ಡೇ ಸಪ್ಪೆ. ಬರಿದೇ ತಿನ್ನಲಿಕ್ಕಲ್ಲ, ಸಾರಿಗೆ ಅದ್ದಿಕೊಳ್ಳಲಿಕ್ಕೆ. ಬಿಲ್ಲಿನಲ್ಲಿ ತಲೆಗೆ ಎರಡು ಮೂರು ಯೂರೋ ಕೊಪೆರ್ತೊ ಎಂದು ಸೇರಿರುತ್ತದೆ, ಅದು ಮೋಸವಲ್ಲ, ಕೂತು ಉಣ್ಣುವ ಶುಲ್ಕ. ಒಂದು ಪ್ರೀಮೊ ಅಂದರೆ ಪಾಸ್ತಾ ಅಥವಾ ಸೂಪು, ಒಂದೆರಡು ಕೊಂತೋರ್ನೊ ಅಂದರೆ ತರಕಾರಿ ಪಲ್ಯದ ತಟ್ಟೆ, ಇಷ್ಟಕ್ಕೆ ಹೊಟ್ಟೆ ತುಂಬುತ್ತದೆ. ಮೆನುವಿನ ಪ್ರತಿ ಭಾಗದಿಂದ ಒಂದೊಂದು ತರಿಸಬೇಕಿಲ್ಲ. ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ತೆರೆಯುವುದು ಸಂಜೆ ಏಳರ ನಂತರ. ಉಫಿತ್ಸಿಯಿಂದ ಮೂರು ಗಂಟೆಗೆ ಹೊರಬಿದ್ದವರಿಗೆ ಸಿಗುವುದು ಒಣ ಸ್ಯಾಂಡ್‌ವಿಚ್ಚೇ.

ಮಾಂಸ ತಿನ್ನುವ ಇಬ್ಬರಿಗೆ: ಬಿಸ್ತೆಕ್ಕಾ ಎಂಬ ದನದ ಮಾಂಸದ ದಪ್ಪ ತುಂಡನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ, ತುಂಡು ಒಂದು ಕಿಲೋ ಆಸುಪಾಸಿನದು, ಇಬ್ಬರಿಗೆ ಧಾರಾಳ. ತೂಕ ಮಾಡಿಸಿ ದರ ಕೇಳಿದ ಮೇಲೆ ಒಪ್ಪಿ. ಒಳಗೆ ಕೆಂಪಗೇ ಇರುತ್ತದೆ, ಚೆನ್ನಾಗಿ ಬೇಯಿಸಿ ಎಂದರೆ ಎಷ್ಟೋ ಕಡೆ ಒಪ್ಪುವುದಿಲ್ಲ. ಅದಕ್ಕಿಂತ ಊರಿನದು ಎನ್ನಿಸುವುದು ಗಾಡಿಯ ಮೇಲಿನ ಲಂಪ್ರೆದೊತ್ತೊ, ದನದ ನಾಲ್ಕನೇ ಹೊಟ್ಟೆಯನ್ನು ಬೇಯಿಸಿ, ಕೊಚ್ಚಿ ಬನ್ನಿನಲ್ಲಿಟ್ಟು ಕೊಡುವುದು. 'ಬನ್ಯಾತೊ' ಎಂದರೆ ಬನ್ನಿನ ಮೇಲ್ಭಾಗವನ್ನು ಸಾರಿಗೆ ಅದ್ದಿ ಮುಚ್ಚುತ್ತಾರೆ. ನಿಂತೇ ತಿನ್ನಬೇಕು, ಅಂಗಿ ಹುಷಾರು.

ಜೆಲಾತೊ ಅಂದರೆ ಇಟಲಿಯ ಐಸ್‌ಕ್ರೀಂ, ಅದರ ಅಂಗಡಿಯನ್ನು ಪಿಸ್ತಾ ನೋಡಿ ಅಳೆಯಿರಿ. ಗಿಳಿಹಸಿರು ಇದ್ದರೆ ಮುಂದೆ ನಡೆಯಿರಿ, ನಿಜವಾದ ಪಿಸ್ತಾದ ಬಣ್ಣ ಮಂಕು, ಕಂದು ಬೆರೆತ ಹಸಿರು. ಬೆಟ್ಟದಂತೆ ಪೇರಿಸಿಟ್ಟದ್ದಕ್ಕಿಂತ ಮುಚ್ಚಳ ಹಾಕಿದ ಲೋಹದ ಡಬ್ಬಿಯಿಂದ ತೆಗೆದು ಕೊಡುವ ಕಡೆ ನಂಬಿಕೆ ಹೆಚ್ಚು.

ಸೋಮವಾರ: ಗುಮ್ಮಟ, ಮಾರ್ಕೆಟ್ಟು, ರೈಲು

ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ನಡುವೆ ಸಾಕಾಯಿತೆಂದು ತಿರುಗಲು ಜಾಗವೂ ಇಲ್ಲ. ಇಕ್ಕಟ್ಟಿಗೆ ಹೆದರುವವರು, ಹೃದಯದ ತೊಂದರೆ ಇರುವವರು ಕೆಳಗೇ ಇರುವುದು ಲೇಸು. ವಿಜಯಪುರದಲ್ಲಿ ಮೂಲೆಯ ಮಿನಾರಿನೊಳಗೆ ಹತ್ತಿ ಗೋಲಗುಮ್ಮಟದ ಬುಡಕ್ಕೆ ಬರುತ್ತೇವೆ, ಇಲ್ಲಿ ಹತ್ತುವುದು ಗುಮ್ಮಟದ ಗೋಡೆಯೊಳಗೇ. ಬ್ರುನೆಲ್ಲೆಸ್ಕಿ 1420ರಿಂದ 1436ರವರೆಗೆ ಕಟ್ಟಿಸಿದ್ದು ಒಂದರೊಳಗೊಂದು ಎರಡು ಚಿಪ್ಪು, ಮೆಟ್ಟಿಲು ಅವುಗಳ ನಡುವೆ ಇವೆ. ಏದುಸಿರು ಬಂದಾಗ ನಿಂತು ಇಟ್ಟಿಗೆ ನೋಡಿ. ಮಲಗಿಸಿದ ಸಾಲಿನ ನಡುನಡುವೆ ಒಂದೊಂದು ಇಟ್ಟಿಗೆ ನೆಟ್ಟಗೆ ನಿಂತಿದೆ, ಮೀನಿನ ಮುಳ್ಳಿನ ಹಾಗೆ ಕಾಣುತ್ತದೆ. ಸುಮಾರು 45 ಮೀಟರ್ ಅಗಲದ ಬಾಯಿಗೆ ಕೆಳಗಿನಿಂದ ಮರದ ಆಸರೆ ಕೊಡದೆ ಕಟ್ಟಿದ್ದು ಇದು. ಗಾರೆ ಗಟ್ಟಿಯಾಗುವ ತನಕ ಒಳಕ್ಕೆ ಓರೆಯಾದ ಸಾಲು ಜಾರದಂತೆ ಹಿಡಿದದ್ದು ಆ ನಿಂತ ಇಟ್ಟಿಗೆಗಳೇ. ಭುಜ, ಮಂಡಿ ಮುಚ್ಚಿದ ಬಟ್ಟೆ ಇರಲಿ, ಬ್ಯಾಗನ್ನು ಕಡ್ಡಾಯವಾಗಿ ಅವರ ಕೌಂಟರಿನಲ್ಲಿ ಇಡಬೇಕು, ಹತ್ತುವ ಗಂಟೆಗೆ ಮುಂಚೆ ಅದಕ್ಕೆ ಕಾಲು ಗಂಟೆ ಇಟ್ಟುಕೊಳ್ಳಿ.

ಇಳಿದ ಮೇಲೆ ಕೆಥೆಡ್ರಲ್ ಮ್ಯೂಸಿಯಂ. ಬ್ಯಾಪ್ಟಿಸ್ಟರಿಯ ಹೊರಗೆ ಜನ ಮುತ್ತಿರುವ ಚಿನ್ನದ ಬಾಗಿಲು ನಕಲು, ಗಿಬೆರ್ತಿಯ ಅಸಲಿ ಬಾಗಿಲು ಇಲ್ಲಿ ಗಾಜಿನ ಹಿಂದೆ ಇದೆ, ಜನರೂ ಕಡಿಮೆ. ಹನ್ನೆರಡೂವರೆಗೆ ಸಾಂತ್ ಅಂಬ್ರೋಜೊ ಮಾರ್ಕೆಟ್ಟಿಗೆ ನಡೆಯಿರಿ, ಎರಡು ಗಂಟೆಗೆಲ್ಲ ಮುಚ್ಚುತ್ತದೆ. ಅಲ್ಲಿಂದ ಐದಾರು ನಿಮಿಷಕ್ಕೆ ಸಾಂತಾ ಕ್ರೋಚೆ, ಮೈಕೆಲೇಂಜೆಲೊ, ಗೆಲಿಲಿಯೊ, ಮಾಕಿಯಾವೆಲ್ಲಿ ಮೂವರ ಸಮಾಧಿಯೂ ಅಲ್ಲೇ.

ಸಂಜೆ ರೈಲಿಗೆ ಮುಂಚೆ ಎಲ್ಲಾದರೂ ಊಟ ಗೊತ್ತು ಮಾಡಿದ್ದರೆ ವಿಳಾಸದ ಕೊನೆಯ ಅಕ್ಷರ ನೋಡಿಕೊಳ್ಳಿ. ಫ್ಲಾರೆನ್ಸ್‌ನಲ್ಲಿ ಒಂದೇ ಬೀದಿಗೆ ಎರಡು ಎಣಿಕೆ: ಮನೆಗಳಿಗೆ ನೀಲಿ ಅಥವಾ ಕಪ್ಪು ಸಂಖ್ಯೆ, ಅಂಗಡಿ ಹೋಟೆಲುಗಳಿಗೆ ಕೆಂಪು. ಸಂಖ್ಯೆಯ ಪಕ್ಕ 'ಆರ್' ಎಂದಿದ್ದರೆ ಕೆಂಪು ಎಂದರ್ಥ. ಕೆಂಪು 38 ಹುಡುಕುತ್ತ ನೀಲಿ 38ರ ಗಂಟೆ ಒತ್ತಿದರೆ ಯಾರದೋ ಮನೆಯ ಅಜ್ಜಿ ಕಿಟಕಿಯಿಂದ ಇಣುಕುತ್ತಾರೆ, ಹೋಟೆಲು ಇನ್ನೂರು ಮೀಟರ್ ಆಚೆ ಇರುತ್ತದೆ.